ಶಿವರುದ್ರಮ್ಮನ ಮೊದಲ ಬುಟ್ಟಿ

ಶಿರಾದಲ್ಲಿ ಬಸ್ಸಿಗೆ ಕಾದು ಕಾದು ಚನ್ನಮಲ್ಲಯ್ಯನಿಗೆ ಸಿಟ್ಟು ನೆತ್ತಿಗೇರಿತ್ತು. ಪಕ್ಕದಲ್ಲಿ ಗುರುತಿಲ್ಲದ ಇಬ್ಬರು ಗೆಳೆಯರು ಎದುರಿನ ಶೋರೂಮಿನ ದೊಡ್ಡ ಪಿಕಪ್ಪನ್ನು ನುಂಗುವಂತೆ ನೋಡುತ್ತಿದ್ದರು.

“ಹಫೀಜಣ್ಣ, ಎಂಜಿನ್ ಏನ್ ಜೋರೈತೆ ನೋಡು! ಬೆಟ್ಟಾನೇ ಎಳ್ಕೊಂಡ್ ಬತ್ತದೆ.”

“ನಾನು ಹೇರೋದು ಕಳ್ಳಂಬೆಳ್ಳದ ಕನಕಾಂಬರ ಕಣ್ಲಾ ಚಿರಂಜೀವಿ, ಬೆಟ್ಟ ಅಲ್ಲ.”

“ಹೂವು ಬಾಡಕ್ ಮುಂಚೆ ಮಾರ್ಕೆಟ್ ಸೇರ್ತದೆ, ತಗೋ.”

“ಹಿಂದ್ಗಡೆ ಬಾಗಿಲು ತೆಗೆದ್ರೂ ತಳ ನನ್ ಎದೆಮಟ್ಟ ಐತೆ. ನಮ್ ಹೂವಿನ ಶಿವರುದ್ರಮ್ಮ ಬುಟ್ಟಿ ಹೆಂಗಿಡ್ತಾಳೆ?”

“ನೀನೇ ಎತ್ತಿಡು.”

“ಲೇ, ದಿನಾ ಮೊದಲ್ನೇ ಬುಟ್ಟಿ ಅವಳೇ ಇಡ್ಬೇಕು. ಆಮೇಲೇ ಊರೋರೆಲ್ಲ ಇಡೋದು.”

“ಒಂದ್ ಮುದುಕಿಗೋಸ್ಕರ ಇಂಥಾ ಗಾಡಿ ಬುಡ್ತೀಯಾ?”

ಇವನ ಬಾಯಿಗೆ ಎರಡು ಬಾರಿಸಬೇಕು ಎನ್ನಿಸಿತು ಚನ್ನಮಲ್ಲಯ್ಯನಿಗೆ. ಹಫೀಜ್ ಮಾತ್ರ ತಣ್ಣಗೇ ಹೇಳಿದ.

“ನನ್ ಕಾಲು ಮುರಿದಾಗ ಬೇರೆ ಗಾಡಿಯೋರು ಹೂ ಕೇಳ್ಕೊಂಡು ಅವಳ ಬಾಗ್ಲಿಗೇ ಬಂದಿದ್ರು. ‘ನಮ್ ಹಫೀಜ್ ಎದ್ ಬರ್ಲಿ’ ಅಂತ ಬುಟ್ಟಿ ಹೊತ್ಕೊಂಡು ಬಸ್ ಹತ್ತಿದ್ಲು. ಊರೂ ಅವಳ ಹಿಂದೆ ಹತ್ತಿತು. ನನ್ ಮಕ್ಕಳು ಇವತ್ತು ಉಣ್ತಿರೋದು ಆ ತಾಯಿಯಿಂದ.”

ಚಿರಂಜೀವಿ ಶೋರೂಮಿನ ಮೂಲೆಗೆ ಕಣ್ಣು ಹಾಯಿಸಿದ.

“ಆ ಮೂಲೇಲಿರೋದು ತಗ್ಗು ಗಾಡಿ ಅಲ್ವಾ? ಕೇಳಣ ನಡಿ.”

“ಮೊದ್ಲು ಅವಳ್ನ ಕರ್ಕೊಂಡ್ ಬರಣ. ಕೈ ಎಟುಕ್ತದಾ ಅಂತ ಅವಳೇ ನೋಡ್ಲಿ.”

ಚನ್ನಮಲ್ಲಯ್ಯ ಕಾಲು ಸರಿಸಿ ದಾರಿ ಬಿಟ್ಟ. ಇಬ್ಬರೂ ಕಳ್ಳಂಬೆಳ್ಳದ ಆಟೋ ಹತ್ತಿದರು.