ಅತ್ತೆ ಮೆಚ್ಚಿದ ಕೈಗುಣ

ಬಸ್ ಸ್ಟಾಪಿನ ಪಕ್ಕದಲ್ಲಿ ಚಪ್ಪಲಿ ಹೊಲಿಯುವವನ ಕಣ್ಣು, ಉಂಗುಷ್ಟ ಕಿತ್ತುಹೋದ ಚಪ್ಪಲಿಯ ಮೇಲಿತ್ತು. ಕಿವಿ ಮಾತ್ರ ಎದುರಿಗೆ ನಿಂತ ಅಕ್ಕತಂಗಿಯರ ಕಡೆಗೇ. ಹರಿದ ಚಪ್ಪಲಿ ಅಕ್ಕನದು. ತಂಗಿಯ ಕಾಲಲ್ಲಿದ್ದದ್ದು ಹೊಸದು.

“ಅತ್ತೆ ಈರುಳ್ಳಿ ಸೊಪ್ಪಿನ ಬುಡ ಬಿಸಾಡಲ್ಲ. ದುಡ್ಡು ಉಳಿಯುತ್ತೆ ಅಂತ ಲೋಟದ ನೀರಲ್ಲಿಟ್ಟು ಮತ್ತೆ ಚಿಗುರಿಸ್ತಾರೆ. ನಾನು ತೊಳೆಯೋ ಲೋಟ ಅಂದ್ಕೊಂಡು ಕುದಿಯೋ ನೀರು ಸುರಿದುಬಿಟ್ಟೆ, ಅಕ್ಕಾ.”

“ಬೈದ್ರಾ?”

“ಗೊತ್ತಾದ್ರೆ ತಾನೇ ಬೈಯೋದು? ಅವರು ಬರೋದ್ರೊಳಗೆ ಅಂಗಡಿಯಿಂದ ಸೊಪ್ಪು ತಂದು ಅದೇ ಲೋಟದಲ್ಲಿ ನಿಲ್ಲಿಸಿದೆ.”

“ಅಯ್ಯೋ ನಿನ್ನ!”

“ನೋಡಿ ಹಿಗ್ಗಿಹೋದ್ರು. ‘ಎಂಥಾ ಕೈಗುಣಾನೇ ನಿಂದು!’ ಅಂದ್ರು. ಮದುವೆಯಾದ ಮೇಲೆ ಅವರ ಬಾಯಿಂದ ಒಂದು ಒಳ್ಳೆ ಮಾತು ಬಂದಿದ್ದು ಅವತ್ತೇ. ಈಗ ದಿನಾ ಕತ್ತರಿಸ್ತಾರೆ. ಅಷ್ಟು ಬೇಗ ಎಲ್ಲಿ ಚಿಗುರುತ್ತೆ? ಗುಟ್ಟಾಗಿ ಹೊಸದು ತಂದಿಡ್ತಾ ಇದೀನಿ.”

“ಹೇಳಿಬಿಡೇ, ಪುಣ್ಯಾತಗಿತ್ತಿ.”

“ನಿನ್ನೆ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಈ ಚಪ್ಪಲಿ ತಂದು ಮುಂದಿಟ್ರು. ಸೊಪ್ಪಿಂದ ಉಳಿದ ದುಡ್ಡಲ್ಲಿ ತಗೊಂಡಿದ್ದಂತೆ.”

ಅಕ್ಕ ಚಪ್ಪಲಿ ಹೊಲಿದವನ ಕೈಗೆ ದುಡ್ಡಿಟ್ಟಳು. ಹೊಲಿದ ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಬಸ್ಸು ಬಂತು.

“ನೀನು ಹತ್ತಕ್ಕಾ. ಬೆಳಿಗ್ಗೆ ಅತ್ತೆ ಮತ್ತೆ ಕತ್ತರಿಸಿದಾರೆ. ಸಂಜೆಯೊಳಗೆ ಬೆಳೀಬೇಕಲ್ಲ.”

ಬಸ್ಸು ಹೋಯಿತು. ತಂಗಿ ಕುಂಟುತ್ತ ತರಕಾರಿ ಅಂಗಡಿಯ ಕಡೆ ಹೊರಟಳು.

“ಚಪ್ಪಲಿ ಕಚ್ತಿದೆ ಅನ್ಸುತ್ತೆ. ಕೊಡಮ್ಮಾ, ಒಂಚೂರು ಸಡಿಲ ಮಾಡ್ತೀನಿ,” ಎಂದ ಚಪ್ಪಲಿ ಹೊಲಿಯುವವನು.

“ಬೇಡಣ್ಣಾ, ಕಚ್ಲಿ ಬಿಡಿ,” ಎಂದವಳು ತಿರುಗಿ ನೋಡದೆ ರಸ್ತೆ ದಾಟಿದಳು.