ದೋಣಿ ಫೈಲಿನ ಹತ್ತನೇ ಪುಟ

ಕೂತ್ಕೊಳ್ಳಿ. ಎದ್ದು ಹೋಗೋದೆಲ್ಲ ಬೇಡ. ನಾನಿನ್ನೂ ಮೂರನೇ ಪುಟದಲ್ಲಿದ್ದೀನಿ. ಭಾನುವಾರ, ಊಟ ಆಯ್ತು, ಕೂಲರಿಗೆ ನೀರು ತುಂಬಿಸಿದ್ದಾಯ್ತು, ಈ ಮೇ ತಿಂಗಳ ಬಿಸಿಲಲ್ಲಿ ಎಲ್ಲಿಗೆ ಹೊರಟಿರಿ? ಓಖ್ಲಾಕ್ಕಾ? ಆ ದೋಣಿ ಎಲ್ಲೂ ಓಡಿಹೋಗಲ್ಲ ಬಿಡಿ. ಓಡೋ ಹಾಗಿದ್ದಿದ್ರೆ ಆ ರಿಟೈರಾದ ನೇವಿ ಕಮಾಂಡರ್ ಯಾಕೆ ಮೂವತ್ತೆರಡು ಸಾವಿರಕ್ಕೆ ಮಾರ್ತಿದ್ದ?

ಹಾಂ, ಹಾಗೆ. ಎಲ್ಲಿದ್ದೆ... ‘ವಿಷಯ: ಹದಿಮೂರು ಅಡಿ ಉದ್ದದ, ಬಳಸಿದ ಹಾಯಿದೋಣಿಯ ಖರೀದಿ. ಪ್ರಸ್ತಾಪ: ಅಶ್ವತ್ಥನಾರಾಯಣ. ಹಣಕಾಸು ಅಭಿಪ್ರಾಯಕ್ಕೆ: ದೇವಕಿ.’ ನಾಚಿಕೆ ಆಗಲ್ವೇನ್ರಿ ನಿಮಗೆ? ಕಟ್ಕೊಂಡ ಹೆಂಡತಿ ಹತ್ರ ಒಂದು ಮಾತು ಕೇಳೋದಕ್ಕೆ ಫೈಲು, ಟ್ಯಾಗು, ಪುಟದ ಮೂಲೆಯಲ್ಲಿ ಕೆಂಪು ಇಂಕಿನಲ್ಲಿ ನಂಬರು. ಮದುವೆಯಾದ ಹೊಸದರಲ್ಲಿ ಇದನ್ನ ತಮಾಷೆ ಅಂದ್ಕೊಂಡಿದ್ದೆ ನಾನು. ದೆಹಲಿ ಆಫೀಸರು, ಹೊಸ ಹೆಂಡತಿ ಜೊತೆ ಆಟ ಆಡ್ತಾರೆ ಅಂತ. ಇಪ್ಪತ್ತೈದು ವರ್ಷ ಆದ್ರೂ ಆಟ ಮುಗಿದಿಲ್ಲ.

ಏನು? ಕುಕ್ಕರ್ ವಿಷಯ ಎತ್ತಬೇಡ ಅಂತ ಕಣ್ಣಲ್ಲೇ ಹೇಳ್ತಿದ್ದೀರಾ? ಎತ್ತುತ್ತೀನಿ. ಬಸುರಿ ನಾನು, ಅಪೂರ್ವ ಹೊಟ್ಟೆಯಲ್ಲಿ. ಐದು ಲೀಟರಿನ ಕುಕ್ಕರ್ ಬೇಕು ಅಂದೆ. ‘ಬರೆದು ಕೊಡು’ ಅಂದ್ರಿ. ಬರೆದು ಕೊಟ್ಟೆ. ‘ಮೂರು ಅಂಗಡಿಯ ಕೊಟೇಶನ್ ಲಗತ್ತಿಸಿಲ್ಲ’ ಅಂತ ವಾಪಸ್ಸು. ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಆ ಹೊಟ್ಟೆ ಹೊತ್ಕೊಂಡು ಮೂರು ಅಂಗಡಿ ಹತ್ತಿಳಿದು, ಬರದ ಹಿಂದಿಯಲ್ಲಿ ‘ಭಯ್ಯಾ, ಕಾಗಜ್ ಮೇಂ ಲಿಖ್ ಕೇ ದೋ’ ಅಂತ ಹಲ್ಲುಗಿಂಜಿ ತಂದೆ. ಅದಾದ್ಮೇಲೆ ನೀವೇನು ಬರೆದ್ರಿ? ‘ಹಳೆಯ ಕುಕ್ಕರಿನ ಗ್ಯಾಸ್ಕೆಟ್ ಬದಲಿಸಿದರೆ ಸಾಲದೇ?’ ಆ ಚೀಟಿ ಇನ್ನೂ ಇದೆ ನನ್ನ ಹತ್ರ. ಮಗು ಹುಟ್ಟಿ ಅದಕ್ಕೆ ಅನ್ನಪ್ರಾಶನ ಆದ್ಮೇಲೆ ಬಂತು ಕುಕ್ಕರ್ ಈ ಮನೆಗೆ.

ಈಗ ನನ್ನ ಸರದಿ. ದೋಣಿಗೆ ಮೂರು ಕೊಟೇಶನ್ ಎಲ್ಲಿ? ಒಂದೇ ಇದೆ. ಒಬ್ಬನೇ ಮಾರೋನು, ಒಂದೇ ದೋಣಿ, ಅವನು ಹೇಳಿದ್ದೇ ರೇಟು. ಆಫೀಸಿನಲ್ಲಿ ಯಾವನಾದ್ರೂ ಇಂಥದ್ದು ತಂದ್ರೆ ಅವನ ಮುಖಕ್ಕೆ ಎಸೀತಿದ್ರಿ.

‘ದೆಹಲಿಯಲ್ಲಿ ಬೇರೆ ಹಾಯಿದೋಣಿ ಮಾರಾಟಕ್ಕಿಲ್ಲ’ ಅಂತ ಬರೆದಿದ್ದೀರಿ. ಇರೋದಕ್ಕೆ ಇಲ್ಲಿ ಸಮುದ್ರ ಇದೆಯೇನ್ರಿ? ನೀವು ಸಿರಾದವರು. ನಿಮ್ಮೂರಲ್ಲಿ ನೀರು ಅಂದ್ರೆ ಬಿಂದಿಗೆಯಲ್ಲಿ ಇರೋದು. ಇಲ್ಲಿ ಯಮುನೆ ಅಂತೆ, ಓಖ್ಲಾದ ಬೋಟ್ ಕ್ಲಬ್ ಅಂತೆ. ಅದು ನದಿಯಾ? ಸೋಪಿನ ನೊರೆ ಹಾಗೆ ಬೆಳ್ಳಗೆ ತೇಲ್ತಿರುತ್ತೆ. ಆ ಬ್ಯಾರೇಜಿನ ಮೇಲೆ ಬಸ್ಸು ಹೋಗುವಾಗ ಜನ ಸೆರಗು, ಕರ್ಚೀಫು ಮೂಗಿಗೆ ಒತ್ಕೋತಾರೆ, ಕಂಡಕ್ಟರ್ ಕೂಡ ಟಿಕೆಟ್ ಕೊಡೋದು ನಿಲ್ಲಿಸ್ತಾನೆ, ಅಷ್ಟು...

ಏನು ನೋಡ್ತೀರಿ? ನಾನು ಯಾವಾಗ ಬ್ಯಾರೇಜ್ ದಾಟಿದೆ ಅಂತಲಾ? ದಾಟಿದ್ದೆ ಯಾವಾಗಲೋ. ನೋಯ್ಡಾದಲ್ಲಿ ಸೀತಮ್ಮನ ಮನೆ ಭಜನೆಗೆ ಹೋಗ್ತೀನಲ್ಲ. ಹೇಳಿಯೇ ಹೋಗಿದ್ದೆ ನಿಮಗೆ. ಹೆಂಡತಿ ಎಲ್ಲಿಗೆ ಹೋದ್ಲು ಅನ್ನೋದಕ್ಕೂ ಈಗ ಫೈಲು ಮಾಡ್ತೀರಾ?

ವಿಷಯ ಬದಲಾಯಿಸಬೇಡಿ. ನಾಲ್ಕನೇ ಪುಟ. ‘ಉದ್ದೇಶ.’ ಇದನ್ನ ಓದ್ತೀನಿ, ಕೇಳಿಸ್ಕೊಳ್ಳಿ ನಿಮ್ಮದೇ ಸಾಹಿತ್ಯ. ‘ಅರ್ಜಿದಾರರು ಮೂವತ್ತೊಂದು ವರ್ಷ ಹಡಗು, ಬಂದರುಗಳ ಕಡತ ನೋಡಿದ್ದಾರೆ. ಈವರೆಗೆ ನೀರಿನ ಮೇಲೆ ಹೋಗಿಲ್ಲ.’ ಇಷ್ಟೇ. ಮುಂದೆ ಖಾಲಿ. ಇದು ಉದ್ದೇಶನಾ? ಅಡುಗೆಯವನು ಬಡಿಸಿ ಬಡಿಸಿ ತಾನು ಉಂಡಿಲ್ಲ ಅಂತ ಅಳೋ ಹಾಗಿದೆ... ನನಗೇನು ಪಾಪ ಅನ್ನಿಸಲ್ಲ. ಅನ್ನಿಸಲಿ ಅಂತಲೇ ಬರೆದಿದ್ದೀರಿ, ಗೊತ್ತು ನನಗೆ.

ಐದನೇ ಪುಟ, ಖರ್ಚು. ಹೊಸ ಹಾಯಿ ಹನ್ನೊಂದು ಸಾವಿರ. ತಳದ ತೂತಿಗೆ ತೇಪೆ, ಬಣ್ಣ, ಎಂಟೂವರೆ ಸಾವಿರ. ಅಂದ್ರೆ ಹಾಯಿ ಇಲ್ಲ, ತಳ ಇಲ್ಲ. ಹಾಯಿನೂ ಇಲ್ಲದ ತಳಾನೂ ಇಲ್ಲದ ವಸ್ತುವಿಗೆ ದೋಣಿ ಅಂತ ಹೆಸರಿಟ್ಟು ಮೂವತ್ತೆರಡು ಸಾವಿರ ಕೊಡ್ತೀರಿ. ನಾನು ತರಕಾರಿಯವನ ಹತ್ರ ಕೊಳೆತ ಬದನೆಕಾಯಿ ತಂದ್ರೆ ಎರಡು ದಿನ ಅದನ್ನೇ ಹೇಳ್ತಿರ್ತೀರಿ. ‘ಲೈಫ್ ಜಾಕೆಟ್, ಎರಡು.’ ಎರಡು ಯಾಕೆ? ಇನ್ನೊಂದು ಯಾರಿಗೆ? ‘ಒಂದು ದೊಡ್ಡದು, ಒಂದು ಚಿಕ್ಕದು.’ ನನಗಾ? ನಾನು ಆ ಗಟಾರದಲ್ಲಿ, ಸೀರೆ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಂಡು, ನಿಮ್ಮ ಎದುರಿಗೆ ಕೂತ್ಕೋಬೇಕಾ? ಇಪ್ಪತ್ತೈದು ವರ್ಷದಲ್ಲಿ ಒಂದು ಸಲ ಇಂಡಿಯಾ ಗೇಟಿನ ಬೋಟಿಗೆ ಕರ್ಕೊಂಡು ಹೋಗಲಿಲ್ಲ. ‘ಅರ್ಧ ಗಂಟೆಗೆ ಇಪ್ಪತ್ತು ರೂಪಾಯಿ, ದಂಡ’ ಅಂದಿದ್ರಿ. ಮಗು ಅಳ್ತಾ ಇತ್ತು.

ಅಪೂರ್ವಾ, ಟಿವಿ ಸಣ್ಣ ಮಾಡು. ಏನಂದೆ? ‘ಪಾಪಾ ಕೋ ಲೇನೇ ದೋ ನಾ, ಅಮ್ಮಾ’ ಅಂತೆ. ನೋಡಿ, ಅಪ್ಪ ತಗೊಳ್ಳಲಿ ಬಿಡು ಅಂತ ವಕಾಲತ್ತು ಬೇರೆ. ನಿನಗೆ ಗೊತ್ತಾಗಲ್ಲ, ಸುಮ್ನಿರು ನೀನು.

ಯಾಕೆ ಪೆನ್ನಿನ ಕಡೆ ಕೈ ತೋರಿಸ್ತೀರಿ? ಸಹಿ ಮಾಡು ಅಂತಲಾ? ಇಷ್ಟು ಬೇಗ ಹೇಗೆ ಮಾಡಲಿ? ಐದು ವಾರದಲ್ಲಿ ಮೂರು ಸಲ ಪ್ರಶ್ನೆ ಬರೆದು ವಾಪಸ್ಸು ಕಳಿಸಿದ್ದೀನಿ, ಮೂರು ಸಲಾನೂ ಉತ್ತರ ಬರೆದು ತಂದಿಟ್ಟಿರಿ, ಒಂದು ಸಿಡುಕಿಲ್ಲ, ಒಂದು ಗೊಣಗಿಲ್ಲ. ಆದ್ರೆ ನನಗೆ ಇನ್ನೂ ಪ್ರಶ್ನೆ ಇದೆ. ಪ್ರಶ್ನೆ ಕೇಳೋದೇ ತಾನೇ ಫೈನಾನ್ಸಿನವರ ಕೆಲಸ? ನೀವೇ ಹೇಳ್ತಿದ್ರಲ್ಲ, ನಿಮ್ಮ ಆಫೀಸಿನ ಸೂರ್ಯನಾರಾಯಣ... ಖಜಾನೆಯಲ್ಲಿ ದುಡ್ಡಿಲ್ಲ ಅಂತ ಆ ಮನುಷ್ಯ ಒಂದು ದಿನಾನೂ ಬರೀತಿರಲಿಲ್ಲ. ಬರೆದ್ರೆ ದುಡ್ಡು ಎಲ್ಲಿ ಹೋಯ್ತು ಅಂತ ಕೇಳ್ತಾರಲ್ಲ. ಅದಕ್ಕೇ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ, ಕೇಳಿದೋನಿಗೇ ಸಾಕಾಗಿ, ಅವನೇ ಫೈಲು ವಾಪಸ್ಸು ತಗೊಂಡು...

ಯಾಕೆ ನಗ್ತೀರಿ?

ನಕ್ಕಿರಿ ಈಗ. ಮೀಸೆ ಕೆಳಗೆ. ನಾನು ನೋಡಿದೆ. ನಾನು ಸೂರ್ಯನಾರಾಯಣನ ವಿಷಯ ಹೇಳಿದೆ, ನನ್ನ ವಿಷಯ ಅಲ್ಲ.

ಬಿಸಿಲು ಕಣ್ರೀ, ತಲೆ ಕೆಟ್ಟು ಹೋಗಿದೆ, ಏನೋ ಮಾತಾಡ್ತೀನಿ. ನನಗೆ ನಿಜವಾಗಿ ಹೊಟ್ಟೆ ಉರಿಯೋದು ಯಾವುದಕ್ಕೆ ಗೊತ್ತಾ? ಆಗಸ್ಟಿಗೆ ನೀವು ರಿಟೈರು. ಆಮೇಲೆ ನಾಲ್ಕು ತಿಂಗಳು. ಅಷ್ಟರಲ್ಲಿ ಈ ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಬೇಕು. ಪಕ್ಕದ ರತ್ನಪ್ರಭಾ ಕೇಳ್ತಾಳೆ, ‘ಎಲ್ಲಿ ಮನೆ ತಗೊಂಡ್ರಿ?’ ಅಂತ. ನಾನೇನು ಹೇಳಲಿ, ಓಖ್ಲಾದಲ್ಲಿ ಹದಿಮೂರು ಅಡಿ ಉದ್ದದ್ದು ನೋಡ್ತಿದ್ದೀವಿ ಅಂತಲಾ? ಎಷ್ಟು ಸಲ ಕೇಳಿದ್ದೀನಿ ನಿಮ್ಮನ್ನ. ‘ನೋಡೋಣ.’ ಹತ್ತು ವರ್ಷದಿಂದ ನೋಡೋಣ. ಸೊಸೈಟಿ ಫ್ಲ್ಯಾಟ್ ಬಂದಾಗ ನೋಡೋಣ, ದ್ವಾರಕಾದಲ್ಲಿ ಆರು ಲಕ್ಷಕ್ಕೆ ಸಿಗ್ತಿದ್ದಾಗ ನೋಡೋಣ. ಘಾಜಿಯಾಬಾದಿನಲ್ಲಿ ಗೋಪಿ ಮನೆ ಕಟ್ಕೊಂಡ. ನನ್ನ ತಮ್ಮ ಅಂದ್ರೆ ನಿಮಗೆ ಸಸಾರ, ದಲ್ಲಾಳಿ ಅಂತೀರಿ. ಆದ್ರೂ ಅಕ್ಕನಿಗೆ ಒಂದು ಸೂರು ಬೇಕು ಅಂತ ಅವನಿಗೆ ಅನ್ನಿಸ್ತು, ನಿಮಗೆ ಅನ್ನಿಸಲಿಲ್ಲ...

ಗೋಪಿ ಅಂದ ಕೂಡಲೇ ಯಾಕೆ ತಲೆ ಎತ್ತಿದ್ರಿ? ಅವನು ಏನೂ ಮಾಡಿಲ್ಲ. ಸುಮ್ನೆ ಮಾತಿಗೆ ಹೇಳಿದೆ. ಗೋಪಿನಾಥ ಯಾವ ತಪ್ಪೂ ಮಾಡಿಲ್ಲ, ಅವನದ್ದೂ ಹೋಗಿ... ಅವನದ್ದು ಅವನಿಗೆ ಸಾಕಾಗಿದೆ ಅಂದೆ.

ಕೊಡಿ ಇಲ್ಲಿ. ಒಂಬತ್ತನೇ ಪುಟ. ‘ಒಟ್ಟು ಎಂಬತ್ತೆರಡು ಸಾವಿರದ ಮುನ್ನೂರ ತೊಂಬತ್ತು. ಹಣದ ಮೂಲ: ಪೇ ಕಮಿಷನ್ ಬಾಕಿಯ ಮೊದಲ ಕಂತು, ಎಂಬತ್ತಾರು ಸಾವಿರ, ದೇವಕಿಯ ಹೆಸರಿನಲ್ಲಿ ಎಫ್‌ಡಿ.’ ಅದನ್ನ ಮುಟ್ಟೋ ಹಾಗಿಲ್ಲ. ಅವಧಿಗೆ ಮೊದಲು ಮುರಿದ್ರೆ ಬಡ್ಡಿ ಕಡಿಮೆ ಮಾಡ್ತಾರೆ. ರಸೀದಿ ಬೀರುವಿನಲ್ಲಿದೆ, ಹುಡುಕಬೇಕು, ಬೀರುವಿನ ಬೀಗದ ಕೈ ಎಲ್ಲೋ ಇಟ್ಟಿದ್ದೀನಿ. ಆಮೇಲೆ ಬ್ಯಾಂಕಿನಲ್ಲಿ ಈಗ ರಶ್ಶು. ನೀವು ಹೋಗೋದು ಬೇಡ, ನಾನೇ ಹೋಗ್ತೀನಿ, ಮುಂದಿನ ತಿಂಗಳು, ಅಪೂರ್ವಳ ಪರೀಕ್ಷೆ ಮುಗೀಲಿ. ನನ್ನ ಹೆಸರಲ್ಲಿ ಇಟ್ಟಿದ್ದೀರಿ ಅಂದ್ಮೇಲೆ ನನ್ನ ಇಷ್ಟ ತಾನೇ? ನೀವೇ ಅಂದ್ರಿ ಅವತ್ತು, ‘ಇದು ನಿನ್ನದು, ನಾನು ಲೆಕ್ಕ ಕೇಳಲ್ಲ’ ಅಂತ. ಜೀವಮಾನದಲ್ಲಿ ಒಂದೇ ಸಲ ಅಂದಿರಿ.

ಇದೇನು, ಇಲ್ಲಿ ‘ಒಂದರಿಂದ ಹತ್ತು’ ಅಂತ ಬರೆದಿದೆ. ಒಂಬತ್ತೇ ಇವೆಯಲ್ಲ. ಹತ್ತನೇ ಪುಟ ಎಲ್ಲಿ?

ನಿಮ್ಮ ಜೇಬಿನಲ್ಲಿ ಯಾಕಿದೆ?

ಕೊಡಿ.

... ಕನ್ನಡಕ ಇಲ್ಲದೆ ಕಾಣ್ಸಲ್ಲ ನನಗೆ. ಬೇಡ, ನೀವು ಓದೋದು ಬೇಡ, ಕಾಣ್ಸುತ್ತೆ. ಬ್ಯಾಂಕಿನ ಕಾಗದ... ‘ಎಫ್‌ಡಿ ಖಾತೆ ಮುಕ್ತಾಯ. ನವೆಂಬರ್ ಹನ್ನೆರಡು. ಹಣ ಬಿಲ್ಡರ್ ಕಂಪನಿಯ ಹೆಸರಿಗೆ ಡಿಡಿ.’ ಕೆಳಗೆ ನೀವು ಇದನ್ನ ತಗೊಂಡ ತಾರೀಖು... ಏಪ್ರಿಲ್ ಮೂರು.

ಫೈಲು ನನ್ನ ಮುಂದೆ ಇಟ್ಟಿದ್ದು ಏಪ್ರಿಲ್ ಹನ್ನೊಂದಕ್ಕೆ.

ಗೊತ್ತಿತ್ತಾ? ಗೊತ್ತಿದ್ದೇ ಇಟ್ಟಿರಾ? ಐದು ವಾರ. ನಾನು ಬಡಿಸಿದ್ದು ಉಂಡು, ನಾನು ಬರೆದ ಪ್ರಶ್ನೆಗೆಲ್ಲ ದುಂಡಗೆ ಉತ್ತರ ಬರೆದು... ಹಾಯಿಯ ಬಟ್ಟೆ ಎಷ್ಟು ಗಜ ಅಂತ ಕೇಳಿದೆ ನಾನು, ನೀವು ಅಳೆದು ಬಂದ್ರಿ. ಎಂಥಾ ಮನುಷ್ಯ ರೀ ನೀವು? ಮುಖಕ್ಕೆ ಹೊಡೆದ ಹಾಗೆ ಕೇಳಬಾರದಿತ್ತಾ? ಇಲಿಯನ್ನ ಬೋನಿಗೆ ಬಿಟ್ಟು ಅದು ತೆಂಗಿನಕಾಯಿ ಚೂರು ತಿನ್ನೋದನ್ನ ನೋಡ್ತಾ ಕೂತ ಹಾಗೆ ಕೂತಿದ್ರಾ?

ಇದರ ಹಿಂದೆ ಪಿನ್ ಮಾಡಿರೋದು ಏನು... ಬಸ್ ಟಿಕೆಟ್ಟು. ಗ್ರೇಟರ್ ನೋಯ್ಡಾ. ಹೋಗಿದ್ರಾ ನೀವು ಅಲ್ಲಿಗೆ? ನೋಡಿದ್ರಾ?

ಹಾಗಾದ್ರೆ ನಾನು ಹೇಳೋದಕ್ಕೇನಿದೆ. ಬೋರ್ಡ್ ಮಾತ್ರ ಇದೆ ಅಲ್ವಾ? ನಗ್ತಿರೋ ಗಂಡ ಹೆಂಡತಿ, ಈಜುಕೊಳ, ಹಸಿರು ಹುಲ್ಲು. ಆ ಬೋರ್ಡಿನ ಕಂಬಕ್ಕೆ ಎಮ್ಮೆ ಕಟ್ಟಿರ್ತಾರೆ. ಮೂರು ಸಲ ಹೋಗಿದ್ದೆ. ಸೀತಮ್ಮನ ಮನೆ ಭಜನೆ ಅಂತ ಹೇಳಿ. ಮೊದಲ ಸಲ ಹೋದಾಗ ಆಫೀಸು ಅಂತ ಒಂದು ತಗಡಿನ ಶೆಡ್ಡಾದ್ರೂ ಇತ್ತು, ಒಬ್ಬ ಹುಡುಗಿ ನೀರು ಕೊಟ್ಲು. ಮೂರನೇ ಸಲ ಶೆಡ್ಡೂ ಇರಲಿಲ್ಲ. ಆ ಎಫ್‌ಡಿ ಮುರಿದು ಫ್ಲ್ಯಾಟ್ ಬುಕಿಂಗ್ ಮಾಡುವಾಗ ಎರಡು ಹೆಸರು ಬರೆಸಿದ್ದೆ ರೀ, ನಿಮ್ಮದು ಮೊದಲು. ರಿಟೈರ್ ಆದ ದಿನ ಬೀಗದ ಕೈ ನಿಮ್ಮ ಕೈಗೆ ಕೊಡೋಣ, ‘ನೋಡೋಣ ನೋಡೋಣ ಅಂತಿದ್ರಲ್ಲ, ಈಗ ನೋಡಿ’ ಅನ್ನೋಣ ಅಂತ... ಒಂದೇ ಒಂದು ಸಲ ಈ ಮನೆಯಲ್ಲಿ ಯಾರ ಹತ್ರಾನೂ ಬರೆದು ಕೇಳದೆ ಏನಾದ್ರೂ ಮಾಡೋಣ ಅನ್ನಿಸ್ತು. ಗೋಪಿದೂ ಎರಡು ಲಕ್ಷ ಹೋಯ್ತು. ಅವನು ಮೋಸ ಮಾಡಿಲ್ಲ. ನಿಮಗೆ ಹೇಳಿದ್ರೆ ನನ್ನನ್ನ ಬೈಯಲ್ಲ, ಅವನನ್ನ ಬೈತೀರಿ ಅಂತ ಹೇಳಲಿಲ್ಲ. ಸುಳ್ಳು. ಅದೂ ಸುಳ್ಳು. ಮೂರು ಕೊಟೇಶನ್ ಎಲ್ಲಿ ಅಂತ ನೀವು ಕೇಳ್ತೀರಿ ಅಂತ ಹೇಳಲಿಲ್ಲ.

ಬೈಯಿರಿ. ಹೀಗೆ ಪೆನ್ನಿನ ಕ್ಯಾಪು ತೆಗೆದು ಮುಂದೆ ಇಟ್ಟರೆ ಏನರ್ಥ?

ಬರೀಬೇಕಾ? ನಿಮಗೆ ಅದೇ ಬೇಕಿತ್ತಾ? ಬರೆಯದೆ ಬಿಡೋದಿಲ್ಲ ಅಲ್ವಾ ನೀವು.

ಕೊಡಿ. ಎಲ್ಲಿ, ಇಲ್ಲೇನಾ? ನನ್ನ ಪ್ರಶ್ನೆಗಳ ಕೆಳಗೆ? ಅಕ್ಷರ ಸೊಟ್ಟಗಾದ್ರೆ ವಾಪಸ್ಸು ಕಳಿಸಬೇಡಿ.

‘ದೋಣಿ ಕೊಳ್ಳಲು... ಹಣ... ಇಲ್ಲ.’

ಇಷ್ಟೇ. ದೇವಕಿ ಅಂತ ಸಹಿ ಮಾಡಿದ್ದೀನಿ. ನಾಲ್ಕು ಮಾತು. ಇದನ್ನ ಬರೆಯೋ ಧೈರ್ಯ ಇಲ್ಲದೆ ನಿಮ್ಮ ಹಾಯಿಗೆ, ತಳಕ್ಕೆ, ಎಲ್ಲಾದಕ್ಕೂ ಕೊಂಕು ತೆಗೆದೆ. ಆ ಎರಡು ಜಾಕೆಟ್ಟಿಗೂ.

ತಾರೀಖು ಹಾಕಿಲ್ಲ. ಯಾವತ್ತಿನದು ಹಾಕಲಿ? ಇವತ್ತಿನದಾ... ನವೆಂಬರ್ ಹನ್ನೆರಡಾ?

ಹೇಳಿ.

ಆ ತಾರೀಖಿನ ಮೇಲೆ ಬೆರಳಿಟ್ಟಿರಾ, ಅವತ್ತೇ ನಿಮಗೆ ಹೇಳಿದ ಹಾಗಿರಲಿ ಅಂತ? ಸರಿ. ನವೆಂಬರ್ ಹನ್ನೆರಡು.