ಗುಂಡ್ಲುಪೇಟೇಲಿ ಓಡದ ಫಂಕ್ಷನ್

ಮುಟ್‌ಬ್ಯಾಡ ಕಣಮ್ಮಿ ಸಿಂಧು, ಕೀಬೋರ್ಡ್ ಬುಡು ಅಂದ್ನಲ್ಲ! ಚಾಮರಾಜನಗರದಿಂದ ಬಸ್ಸಲ್ಲಿ ನಿಂತ್ಕಂಡು ಬಂದಿವ್ನಿ ಈ ಗಿರೀಶ, ಇದ್ನ ಸರಿ ಮಾಡಕ್ಕೇ. ಭಾನುವಾರ ವಧು-ವರರ ಸಮಾವೇಶ, ಇವತ್ತೇ ಪಟ್ಟಿ ಪ್ರೆಸ್ಸಿಗೆ ಓಗ್ಬೇಕು... ಯಾಕೆ ನಗ್ತಿದ್ದೀಯ?

ಅಲ್ಲಿ ನಮ್ಮ ಸಂಘದ ಆಫೀಸಲ್ಲಿ ಇದೇ ಸ್ಟೈಲ್‌ಶೀಟು ಪ್ರೋಗ್ರಾಮು ಎಂಗೆ ಓಡ್ತದೆ ಗೊತ್ತಾ? ಫಾರಮ್ಮೆಲ್ಲ ಓದಿ, ವಯಸ್ಸು ಲೆಕ್ಕ ಹಾಕಿ, ಸಾಲಾಗಿ ಪಟ್ಟಿ ಮಾಡಿ ಕೊಡ್ತದೆ! ನಿಮ್ಮ ಗುಂಡ್ಲುಪೇಟೆ ಬ್ರಾಂಚಿನ ಕಂಪ್ಯೂಟರ್‌ಗೆ ಮಾತ್ರ ‘ಈ ಫಂಕ್ಷನ್ ಗೊತ್ತಿಲ್ಲ’ ಅಂತ ಮುನಿಸು. ನಿನ್ನಂಗೇಯ.

ಹಾಂ... ಒಪ್ಕತೀನಿ. ವಯಸ್ಸಿನ ಲೆಕ್ಕ ಹಾಕೋ ಫಂಕ್ಷನ್ ಸ್ಟೈಲ್‌ಶೀಟಿನ ಭಾಷೇಲಿಲ್ಲ, ನಾನೇ ಜಾವಾ ಅನ್ನೋ ಬೇರೆ ಭಾಷೇಲಿ ಬರ್ದು ಸೇರಿಸಿದ್ದು. ಅದು ನನ್ ಮಿಷಿನ್ನಿನ ಸಾಫ್ಟ್‌ವೇರ್‌ಗೆ ಮಾತ್ರ ಗೊತ್ತು, ಇಲ್ಲಿರೋದು ಬೇರೆ. ಅದ್ಕೇ ನಾನೇ ಬಂದು...

ಏನು? ನೀನೇ ಓಡಿಸ್ಬುಟ್ಯಾ? ನನ್ ಫಂಕ್ಷನ್ ಕಿತ್ತಾಕಿ? ಈಗಿನ ಇಸವಿ ಎರಡು ಸಾವಿರದ ಆರು, ಅದ್ರಲ್ಲಿ ಹುಟ್ಟಿದ ಇಸವಿ ಕಳ್ದು... ಅಷ್ಟೇನಾ? ಈಗ ಯಾವ ಕಂಪ್ಯೂಟರಲ್ಲಾದ್ರೂ ಓಡ್ತದಾ! ಭೇಷ್... ಭೇಷ್ ಕಣಮ್ಮಿ.

ಪಟ್ಟಿ ಯಾಕೆ ಎಣಿಸ್ತಿದ್ದೀಯ? ನಾನು ಅಲ್ಲಿ ತೆಗ್ದ ಪಟ್ಟೀಲಿ ಹೆಣ್ಮಕ್ಳು ನಲವತ್ತೆರಡು. ನಿಂದ್ರಲ್ಲಿ... ನಲವತ್ಮೂರಾ? ತಪ್ಪಾಗಿರ್ಬೇಕು. ಇನ್ನೊಂದ್ಸಲ ಎಣಿಸು. ಬ್ಯಾಡ, ಬ್ಯಾಡ, ಎಣಿಸ್‌ಬ್ಯಾಡ!

ಬೆರಳು ಎಲ್ಲಿ ಇಟ್ಟೆ... ‘ಸಿಂಧು, ತಂದೆ ಪುಟ್ಟಬಸಪ್ಪ, ಬೇಗೂರು.’ ಹೂಂ. ನಿಮ್ಮಪ್ಪಾರು ಕೊಟ್ಟೋದ ಫಾರಮ್ಮು.

ಬಯ್ಯಿ ಬೇಕಾದ್ರೆ.

ಸರಿ, ಕೇಳು. ಆ ಫಂಕ್ಷನ್ ವಯಸ್ಸೂ ಲೆಕ್ಕ ಹಾಕ್ತದೆ, ಒಂದು ಹೆಸ್ರನ್ನೂ ಬುಟ್ಬುಡ್ತದೆ. ನಾನೇ ಬರ್ದಿದ್ದು. ಭಾನುವಾರ ಊರೂರಿನ ಗಂಡುಗಳು ನಿನ್ ಹೆಸ್ರ ಮುಂದೆ ಟಿಕ್ ಹಾಕದು ನೋಡ್ಕಂಡು ಕೂರಕ್ಕೆ ನನ್ ಕೈಲಾಗಲ್ಲ. ನಿನ್ನ ಒಂದ್ಮಾತು ಕೇಳ್ದೆ ಮಾಡ್ಬುಟ್ಟೆ, ತಪ್ಪು. ಕೇಳಕ್ಕೆ ಧೈರ್ಯ ಬರ್ಲಿಲ್ಲ ಸಿಂಧು.

ಇದೇನು? ವರನ ಫಾರಮ್ಮು... ನನ್ ಕಡೆ ಯಾಕೆ ತಳ್ತೀಯ? ‘ಗಿರೀಶ್, ಚಂದಕವಾಡಿ’... ನಿನ್ ಅಕ್ಷರ! ನಾನು ಬರೋಕ್ ಮುಂಚೇನೇ ಬರ್ದಿಟ್ಟಿದ್ಯಾ?

ಎಲ್ಲಾ ತುಂಬ್ಸಿದ್ದೀಯ, ವಯಸ್ಸು ಒಂದು ಖಾಲಿ ಬುಟ್ಟಿದ್ದೀಯ... ಕಳ್ಳಿ! ಕೊಡು ಪೆನ್ನು. ಈ ಲೆಕ್ಕ ಕೈಯಲ್ಲೇ ಹಾಕ್ತೀನಿ.